ನೆರಿಗೆಯ ಕೆಳಗಿನ ಬೂಟು

ಆ ದಿನ ಬೆಳಿಗ್ಗೆ ನನ್ನ ಹೆಂಡತಿ ಶಾಲೆಗೆ ಹೊರಡಲು ಸೀರೆ ಉಡುತ್ತಿದ್ದಳು. ನಾನು ಹೊರಗೆ ಗಾಡಿ ಒರೆಸುತ್ತಿದ್ದೆ. ಅವಳನ್ನು ಉಜ್ಜಿನಿ ಬಸ್ಸಿಗೆ ಹತ್ತಿಸಿ ಹಾಗೇ ಅಂಗಡಿಗೆ ಹೋಗುವುದು ನನ್ನ ವಾಡಿಕೆ. ಹೊತ್ತಾದರೂ ಬರಲಿಲ್ಲವಲ್ಲ ಎಂದು ಒಳಗೆ ಹೋದರೆ ಕನ್ನಡಿ ಮುಂದೆ ನಿಂತಿದ್ದಳು. ನೆರಿಗೆ ಹಿಡಿಯುತ್ತಾಳೆ, ಎಡಗೈಯಿಂದ ಜಾರಿ ಬೀಳುತ್ತವೆ. ಮತ್ತೆ ಹಿಡಿಯುತ್ತಾಳೆ, ಮತ್ತೆ ಜಾರುತ್ತವೆ.

“ನೆರಿಗಿ ಕೈಯಾಗ ನಿಲ್ಲವಲ್ವು ನೋಡ್ರಿ” ಅಂದಳು. ಮಾತು ತೊದಲಿತು. ನನ್ನ ಕಡೆ ತಿರುಗಿದಾಗ ಬಾಯಿಯ ಒಂದು ತುದಿ ಕೆಳಗೆ ಜಗ್ಗಿತ್ತು.

ನಮ್ಮ ಮನೆ ಕೊಟ್ಟೂರಿನಲ್ಲಿ. ಬೋರ್‌ವೆಲ್ಲಿನ ಮೋಟಾರು ಸುಟ್ಟರೆ ತಂತಿ ಬಿಚ್ಚಿ ಹೊಸದಾಗಿ ಸುತ್ತಿ ಕೊಡುವ ಸಣ್ಣ ಅಂಗಡಿ ನನ್ನದು. ಅವಳು ಉಜ್ಜಿನಿ ದಾರಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಒಂದನೇ ಎರಡನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತು ಅಕ್ಷರ ತಿದ್ದಿಸುತ್ತ ಬಂದವಳು. ಒಬ್ಬಳೇ ಮಗಳು, ಹಡಗಲಿಗೆ ಕೊಟ್ಟಿದ್ದೇವೆ. ಮನೆಯಲ್ಲಿ ನಾವಿಬ್ಬರೇ.

ಪಕ್ಕದ ಮನೆಯವರು ಕಾರು ತೆಗೆದರು. ಹರಪನಹಳ್ಳಿ ದಾಟಿ ದಾವಣಗೆರೆ ಮುಟ್ಟುವ ತನಕ ಅವಳು ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು, ಅದು ಯಾರದೋ ಎಂಬಂತೆ ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು. ಬೇಗ ತಂದಿರಿ, ಜೀವಕ್ಕೇನೂ ಆಗುವುದಿಲ್ಲ ಎಂದರು. ಜೀವಕ್ಕೇನೂ ಆಗಲಿಲ್ಲ. ಮಾತು ಸರಿಹೋಯಿತು. ಕೈ ಅರ್ಧಮರ್ಧ ಬಂತು. ಕಾಲು ಸೊಂಟದಿಂದ ಮಂಡಿಯ ತನಕ ಬಂತು, ಪಾದ ಬರಲಿಲ್ಲ.

ಪಾದ ಬರದಿದ್ದರೆ ಏನಾಗುತ್ತದೆಂದು ನನಗೆ ಆ ತನಕ ಗೊತ್ತಿರಲಿಲ್ಲ. ನಾವು ಹೆಜ್ಜೆ ಎತ್ತಿದಾಗ ಬೆರಳುಗಳೂ ತಾವಾಗಿಯೇ ಮೇಲೇಳುತ್ತವೆ. ಅವಳದು ಹಾಗಲ್ಲ. ಕಾಲು ಎತ್ತಿದರೆ ಪಾದ ಜೋತು ಬೀಳುತ್ತಿತ್ತು. ಬೆರಳು ನೆಲಕ್ಕೆ ತಾಗಿ ಸರ್ರನೆ ಸದ್ದಾಗುತ್ತಿತ್ತು. ಹೆಜ್ಜೆ ಊರಿದರೆ ಕಣಕಾಲು ಒಳಗೆ ಹೊರಳುತ್ತಿತ್ತು. ಹೊಸ್ತಿಲು ಬಂತೆಂದರೆ ನಾನು ಓಡಿ ಹೋಗಿ ತೋಳು ಹಿಡಿಯುತ್ತಿದ್ದೆ. ಮನೆಯಲ್ಲಿ ಇಷ್ಟೊಂದು ಹೊಸ್ತಿಲು ಯಾಕೆ ಇಟ್ಟುಕೊಂಡೆವೋ ಎನಿಸುತ್ತಿತ್ತು.

ಮಗಳು ಕೈಗೂಸನ್ನು ಕಟ್ಟಿಕೊಂಡು ಬಂದು ಸ್ವಲ್ಪ ದಿನ ಇದ್ದಳು. ಅವಳೂ ಎಷ್ಟು ದಿನ ಇದ್ದಾಳು? ಅವಳು ಹೋದ ಮೇಲೆ ಅಡುಗೆ, ಬಟ್ಟೆ, ಸ್ನಾನ ಎಲ್ಲ ನನ್ನ ಪಾಲಿಗೆ ಬಂದವು. ಅನ್ನ ಸಾರು ಮಾಡಲು ಕಲಿತೆ. ರೊಟ್ಟಿ ಬಡಿಯಲು ಬರಲಿಲ್ಲ, ಓಣಿಯ ಒಬ್ಬ ಹೆಂಗಸಿನಿಂದ ತರುತ್ತಿದ್ದೆ. ಬೇಸಿಗೆ ಶುರುವಾಗಿತ್ತು. ಮೋಟಾರು ಸುಡುವ ಕಾಲ. ಕಾನಹೊಸಹಳ್ಳಿಯ ತನಕದ ರೈತರು ಮೋಟಾರು ಇಳಿಸಿ ಹೋಗಿ, ಆಗಲೇ ಫೋನು ಹಚ್ಚುತ್ತಿದ್ದರು. ಅಂಗಡಿ ತೆಗೆಯುವ ಹೊತ್ತಿಗೆ ನನಗೆ ಒಂದು ದಿನದ ಕೆಲಸ ಮುಗಿದಷ್ಟು ದಣಿವಾಗಿರುತ್ತಿತ್ತು.

ನೋಡಲು ಬರುವವರದು ಬೇರೆ. ಕೂಡ್ಲಿಗಿಯಿಂದ, ಹಗರಿಬೊಮ್ಮನಹಳ್ಳಿಯಿಂದ ನೆಂಟರು ಬರುತ್ತಿದ್ದರು. ಒಬ್ಬರು ಒಂದೂರಿನ ಎಣ್ಣೆ ಹೇಳಿದರೆ ಇನ್ನೊಬ್ಬರು ಇನ್ನೊಂದೂರಿನ ಬೇರು ಹೇಳುತ್ತಿದ್ದರು. ಪಾರಿವಾಳದ ರಕ್ತ ಹಚ್ಚಿ ತಿಕ್ಕಿದರೆ ಎದ್ದು ಓಡಾಡುತ್ತಾಳೆ ಎಂದೂ ಒಬ್ಬರು ಹೇಳಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಕೂತು ಹೇಳುವ ಮಾತೇ ಅದು? ನೆರಿಗೆ ಜಾರಿದ್ದು, ಕಾರು ತೆಗೆದದ್ದು, ಆಸ್ಪತ್ರೆಯವರು ಅಂದದ್ದು, ಎಲ್ಲವನ್ನೂ ಬಂದವರಿಗೆಲ್ಲ ಮೊದಲಿಂದ ಹೇಳಿ ಹೇಳಿ ಬಾಯಿ ಸೋತಿತ್ತು. ಚಹಾ ಇಟ್ಟು ಕೊಟ್ಟು ಕಳಿಸುತ್ತಿದ್ದೆ.

ದಾವಣಗೆರೆಯಲ್ಲಿ ಅವಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿ ಮೇಡಂ, ಪಾದಕ್ಕೆ ಬ್ರೇಸ್ ಹಾಕಿಸಿ ಎಂದರು. ಗಟ್ಟಿ ಪ್ಲಾಸ್ಟಿಕ್ಕಿನದು. ಅಂಗಾಲಿನಿಂದ ಕಾಲ ಹಿಂದಿನ ಮೀನಖಂಡದ ತನಕ ಬರುತ್ತದೆ, ಪಾದ ಜೋತು ಬೀಳದಂತೆ ಎತ್ತಿ ಹಿಡಿಯುತ್ತದೆ, ಕಿತ್ತು ಅಂಟಿಸುವ ಪಟ್ಟಿಯಿಂದ ಬಿಗಿದು ಮೇಲೆ ಬೂಟು ಹಾಕಬೇಕು. ನಾನು ಅವಸರ ಮಾಡಿ ಔಷಧಿ ಅಂಗಡಿಯಿಂದ ಸಿದ್ಧವಾಗಿದ್ದ ಒಂದನ್ನು ತಂದೆ. ಆಗ ಮಗಳು ಇನ್ನೂ ನಮ್ಮಲ್ಲೇ ಇದ್ದಳು, ಅವಳೇ ಹಾಕುತ್ತಿದ್ದಳು. ಅದು ಯಾರ ಕಾಲಿನ ಅಳತೆಯದೋ. ಕಣಕಾಲಿನ ಉಬ್ಬಿದ ಎಲುಬಿಗೆ ಉಜ್ಜಿ ಉಜ್ಜಿ ಹುಣ್ಣಾಯಿತು. ಸೋತ ಕಾಲಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ, ಕಾಲುಚೀಲಕ್ಕೆ ರಕ್ತ ಹತ್ತಿದ ಮೇಲೆಯೇ ನಮಗೆ ಗೊತ್ತಾದದ್ದು. ಹುಣ್ಣು ಮಾಯುವ ತನಕ ನಡೆಯುವುದೇ ನಿಂತಿತು. ಆಮೇಲೆ ಮತ್ತೆ ದಾವಣಗೆರೆಗೆ ಹೋಗಿ, ಕಾಲಿಗೆ ಹಸಿ ಪ್ಲಾಸ್ಟರು ಸುತ್ತಿಸಿ ಅಚ್ಚು ತೆಗೆಸಿ, ಅವಳ ಕಾಲಿನದೇ ಅಳತೆಗೆ ಮಾಡಿಸಿದೆವು.

ಬೂಟು ಹುಡುಕಿದ್ದೇ ಇನ್ನೊಂದು ಕತೆ. ಬ್ರೇಸಿನ ಸಮೇತ ಪಾದ ಹೋಗಬೇಕೆಂದರೆ ಅಗಲದ ಬೂಟು ಬೇಕು. ಹೆಂಗಸರ ಬೂಟಿನಲ್ಲಿ ಅಷ್ಟು ಅಗಲ ಸಿಗಲಿಲ್ಲ. ಕೊನೆಗೆ ಹಗರಿಬೊಮ್ಮನಹಳ್ಳಿಯ ಒಂದು ಅಂಗಡಿಯಲ್ಲಿ ಗಂಡಸರ ಕ್ಯಾನ್ವಾಸ್ ಬೂಟು ಸಿಕ್ಕಿತು. ಎರಡು ಜೊತೆ ತಂದೆ. ಒಂದು ಹೊರಗೆ ಹೋಗಲು, ಒಂದು ಮನೆಯೊಳಗೆ. ಬರೀ ಪ್ಲಾಸ್ಟಿಕ್ಕಿನಲ್ಲಿ ಬಂಡೆ ನೆಲದ ಮೇಲೆ ನಡೆದರೆ ಜಾರುತ್ತದೆ, ಮನೆಯಲ್ಲೂ ಬೂಟು ಬೇಕೇ ಬೇಕು ಎಂದು ಮೇಡಂ ಕಡ್ಡಾಯ ಮಾಡಿದ್ದರು. ಮದುವೆಯಾದಾಗಿನಿಂದ ತೆಳ್ಳನೆಯ ಚಪ್ಪಲಿ ಬಿಟ್ಟು ಬೇರೆ ಹಾಕದವಳು ಸೀರೆಯ ನೆರಿಗೆ ಎತ್ತಿ ಆ ಬೂಟು ನೋಡಿಕೊಂಡಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಪೊಲೀಸಿನವಳ ಹಂಗ ಕಾಣ್ತೀನಿ ಅಂದಳು.

ಹೊಸ ಬ್ರೇಸ್ ಬಂದ ಮೊದಲ ದಿನ ಮನೆಯಲ್ಲಿ ಅದನ್ನು ಹಾಕಲು ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಪಾದ ಹಿಡಿದೆ. ಅವಳು ಕಾಲು ಹಿಂದೆ ಎಳೆದುಕೊಳ್ಳಲು ನೋಡಿದಳು, ಆ ಕಾಲು ಅವಳ ಮಾತು ಕೇಳುತ್ತಿರಲಿಲ್ಲ.

“ನನ್ನ ಕಾಲು ನೀವು ಮುಟ್ಟಬ್ಯಾಡ್ರಿ. ಮಗಳು ಬಂದಾಗ ಹಾಕ್ತಾಳ, ಬಿಡ್ರಿ.”

“ಮಗಳು ದಿನಾ ಹಡಗಲಿಯಿಂದ ಬರ್ತಾಳೇನು? ಸುಮ್ನ ಕುಂದ್ರು.”

ಕಣ್ಣು ಮುಚ್ಚಿಕೊಂಡಳು. ನಾನು ಕಾಲುಚೀಲದ ಸುಕ್ಕು ತೀಡಿ, ಹಿಮ್ಮಡಿಯನ್ನು ಬ್ರೇಸಿನ ಹಿಂದಕ್ಕೆ ಒತ್ತಿ ಕೂಡಿಸಿ, ಪಟ್ಟಿ ಬಿಗಿದೆ. ನಾನು ಮೇಲೇಳುವಾಗ ಅವಳು ಬಲಗೈ ಚಾಚಿ ನನ್ನ ಪಾದದ ಕಡೆ ಬಗ್ಗಲು ಹೋದಳು. ಎಟುಕಲಿಲ್ಲ. ನನ್ನ ಮೊಣಕಾಲು ಮುಟ್ಟಿ ಕೈ ಕಣ್ಣಿಗೆ ಒತ್ತಿಕೊಂಡಳು. ಅಂದಿನಿಂದ ದಿನಾ ಅದೇ. ಮೊದಮೊದಲು ಇದೆಲ್ಲ ಯಾಕೆ ಅನ್ನುತ್ತಿದ್ದೆ. ಆಮೇಲೆ ಅಂಗಡಿಗೆ ಹೊತ್ತಾಗುತ್ತದೆಂದು ಸುಮ್ಮನಾದೆ.

ಬ್ರೇಸಿನಿಂದ ಪಾದ ಮೇಲೆದ್ದು ಬಂತು. ಬೆರಳು ಉಜ್ಜುವ ಸದ್ದು ನಿಂತಿತು. ಕೋಲು ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಿತ್ತಲಿಗೆ ಓಡಾಡತೊಡಗಿದಳು. ಹಾಗಿರುವಾಗ ಹರಪನಹಳ್ಳಿಯಿಂದ ನಮ್ಮ ಅಕ್ಕ ಬಂದಳು. ನನಗಿಂತ ಬಹಳ ದೊಡ್ಡವಳು, ಗಂಡ ತೀರಿಕೊಂಡ ಮೇಲೆ ಪೂಜೆಯಲ್ಲೇ ಇರುವವಳು. ಬಂದವಳ ಕಣ್ಣು ಮೊದಲು ಬಿದ್ದದ್ದೇ ದೇವರ ಮನೆಯ ಮುಂದೆ ಓಡಾಡುವ ಬೂಟಿನ ಮೇಲೆ. ಅಲ್ಲಮ್ಮ, ಮನೆಯೊಳಗೆ ಬೂಟು ಹಾಕಿಕೊಂಡು ದೇವರ ಮುಂದೆ ತಿರುಗುತ್ತೀಯಲ್ಲ ಎಂದಳು. ಸಿಟ್ಟಿನಿಂದಲ್ಲ, ಮನಸ್ಸಿಗೆ ಕೆಟ್ಟೆನಿಸಿ ಅಂದ ಮಾತು. ಹೊರಗೆ ಹಾಕುವ ಬೂಟೇ ಬೇರೆ, ಇದು ಬೀದಿ ಕಂಡಿಲ್ಲ ಎಂದು ನಾನು ತಿಳಿಸಿ ಹೇಳಿದೆ. ಅಕ್ಕ ಹೂಂ ಅಂದಳು, ಮುಖ ಮಾತ್ರ ಸಡಿಲಾಗಲಿಲ್ಲ. ಮರುದಿನ ಊರಿಗೆ ಹೋದಳು.

ಅಂದಿನಿಂದ ಹೆಂಡತಿ, ನಾನು ಅಂಗಡಿಗೆ ಹೋದ ಮೇಲೆ ಬೂಟು ಕಳಚಿಟ್ಟು ಬರೀ ಬ್ರೇಸಿನಲ್ಲೇ ಓಡಾಡುತ್ತಿದ್ದಳಂತೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನೀರು ಚೆಲ್ಲಿತ್ತು. ಪ್ಲಾಸ್ಟಿಕ್ಕು ಜಾರಿತು. ಬಲಗೈ ಊರಿ ಬಿದ್ದಳು.

ಮುರಿದದ್ದು ಆ ಬಲ ಮಣಿಕಟ್ಟೇ. ಗಟ್ಟಿಯಿದ್ದ ಕೈ ಅದೊಂದೇ ಆಗಿತ್ತು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಮೈ ಭಾರವಾಗುತ್ತದೆ. ಎಡಗೈಗೆ ಬಲವಿಲ್ಲ, ಬಲಗೈಗೆ ಪ್ಲಾಸ್ಟರು. ಕೋಲು ಹಿಡಿಯುವಂತಿಲ್ಲ, ತುತ್ತು ಎತ್ತುವಂತಿಲ್ಲ. ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಊಟ ಮಾಡಿಸಿ, ಮುಖ ಒರೆಸಿ ಅಂಗಡಿಗೆ ಹೋದರೆ ಸುತ್ತುತ್ತಿದ್ದ ತಂತಿಯ ಲೆಕ್ಕ ತಪ್ಪುತ್ತಿತ್ತು. ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಸುತ್ತುತ್ತಿದ್ದೆ. ಗಿರಾಕಿಗಳು ಮರುಗಿದರು, ಆದರೆ ನೀರಿಲ್ಲದೆ ಬೆಳೆ ಕಾಯುವುದಿಲ್ಲವಲ್ಲ. ಒಬ್ಬೊಬ್ಬರಾಗಿ ಬೇರೆ ಅಂಗಡಿಗೆ ಹೋದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ನನ್ನಲ್ಲಿ ಇರಲಿಲ್ಲ.

ಸುದ್ದಿ ತಿಳಿದು ಅಕ್ಕ ಮತ್ತೆ ಬಂದಳು, ಈ ಸಲ ಉಳಿಯಲೆಂದೇ ಚೀಲ ತುಂಬ ತನ್ನ ಸೀರೆ ತಂದಿದ್ದಳು. ಮಂಚದ ಹತ್ತಿರ ಕೂತು ಪ್ಲಾಸ್ಟರು ಹಾಕಿದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬೂಟು ಯಾಕೆ ಬಿಟ್ಟೆ ಎಂದು ಕೇಳಲಿಲ್ಲ, ಅವಳಿಗೆ ಗೊತ್ತಾಗಿತ್ತು. ಹೆಂಡತಿಯೇ ಮಾತು ತೆಗೆದಳು.

“ಅಕ್ಕಾ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅದು ಬೂಟಲ್ಲ. ನನ್ನ ಪಾದ ಐತಿ ಅದು.”

ಮರುದಿನ ನಾನೆದ್ದು ನೋಡಿದರೆ ಅಕ್ಕ ಹಿತ್ತಲಲ್ಲಿ ಕೂತು ಒದ್ದೆ ಬಟ್ಟೆಯಿಂದ ಆ ಬೂಟಿನ ಅಡಿ ಒರೆಸುತ್ತಿದ್ದಳು. ಒರೆಸಿ, ಬಿಸಿಲಿಗೆ ಆರಿಸಿ, ಮಂಚದ ಪಕ್ಕ ಜೋಡಿಸಿ ಇಟ್ಟಳು. ಆಮೇಲೆ ಕೈ ತೊಳೆದುಕೊಂಡು ಪೂಜೆಗೆ ಕೂತಳು. ಪ್ಲಾಸ್ಟರು ತೆಗೆಯುವ ತನಕ ನಮ್ಮ ಮನೆಯಲ್ಲೇ ಇದ್ದಳು, ದಿನಾ ಹಾಗೇ ಮಾಡಿದಳು. ಬ್ರೇಸ್ ಹಾಕುವುದನ್ನು ನೋಡಿ ಕಲಿತು ಆ ಕೆಲಸವನ್ನೂ ನನ್ನ ಕೈಯಿಂದ ತೆಗೆದುಕೊಂಡಳು. ಆ ದಿನಗಳಲ್ಲಿ ನಾನು ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಒರಗಿ ನಿದ್ದೆ ಮಾಡಿದ್ದು ನೆನಪಿದೆ. ಮೋಟಾರು ಬಿಚ್ಚಿ ಹರಡಿಕೊಂಡಿದ್ದು ಹಾಗೇ ಬಿದ್ದಿರುತ್ತಿತ್ತು.

ಮಣಿಕಟ್ಟು ಕೂಡಿಕೊಂಡ ಮೇಲೆ ಹೆಂಡತಿ ತಾನೇ ಬ್ರೇಸ್ ಹಾಕಿಕೊಳ್ಳುವುದನ್ನು ಕಲಿಯಲು ಹಠ ಹಿಡಿದಳು. ಮೇಡಂ ಒಂದು ದಾರಿ ತೋರಿಸಿದರು. ಮೊದಲು ಬ್ರೇಸನ್ನು ಬೂಟಿನೊಳಗೆ ಕೂಡಿಸುವುದು, ಕುರ್ಚಿಯಲ್ಲಿ ಕೂತು ಎಡಗಾಲನ್ನು ಬಲಗೈಯಿಂದ ಎತ್ತಿ ಬಲತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಬೂಟು ಬ್ರೇಸು ಒಟ್ಟಿಗೆ ತೊಡಿಸುವುದು. ಹೇಳಿದಷ್ಟು ಸುಲಭವಿರಲಿಲ್ಲ. ಬೆರಳು ಮಡಚಿಕೊಳ್ಳುತ್ತಿದ್ದವು, ಹಿಮ್ಮಡಿ ಒಳಗೆ ಇಳಿಯುತ್ತಿರಲಿಲ್ಲ, ಪಟ್ಟಿಗೆ ಸೀರೆಯ ಅಂಚು ಅಂಟಿಕೊಂಡು ದಾರ ಕೀಳುತ್ತಿತ್ತು. ನಾನು ಕೈ ಚಾಚಿದರೆ ಬೈಸಿಕೊಳ್ಳುತ್ತಿದ್ದೆ. ಚಹಾ ಆರಿಹೋಗುವ ತನಕ ಎದುರಿಗೆ ಕೂತು ನೋಡುವುದು, ಸಹಾಯ ಮಾಡುವುದಕ್ಕಿಂತ ಕಷ್ಟದ ಕೆಲಸವಾಗಿತ್ತು. ಒಂದು ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹಾಕಿಕೊಂಡು ನಿಂತಿದ್ದಳು. ನಾನು ಏನೋ ಹೇಳಲು ಬಾಯಿ ತೆಗೆದೆ, ಅವಳು ಅಷ್ಟರಲ್ಲಿ ಒಲೆ ಹಚ್ಚಲು ಹೋಗಿದ್ದಳು.

ಅವಳ ಮನಸ್ಸಿನಲ್ಲಿ ಇದ್ದದ್ದು ಶಾಲೆ. ರಜೆ ಮುಗಿಯುತ್ತ ಬಂದಿತ್ತು. ನಾನು ದಿನಾ ಗಾಡಿ ಮೇಲೆ ಕರೆದುಕೊಂಡು ಹೋಗೋಣವೆಂದರೆ ಒಂದು ಪಕ್ಕಕ್ಕೆ ಕೂತು ಕಾಲು ಇಡುವುದು ಅವಳಿಗೆ ಆಗುತ್ತಿರಲಿಲ್ಲ. ಬಸ್ಸೇ ಗತಿ. ಬಸ್ಸಿನ ಮೊದಲ ಮೆಟ್ಟಿಲು ಎಷ್ಟು ಎತ್ತರ ಎಂದು ನಾನೂ ಆಗಲೇ ಗಮನಿಸಿದ್ದು. ಒಂದು ದಿನ ನಾವು ಬಸ್ಸಿನ ಹೊತ್ತಿಗೆ ಮುಂಚೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿಗೆ ಹೋದೆವು. ಉಜ್ಜಿನಿ ಕಡೆಯ ಬಸ್ಸು ಖಾಲಿ ನಿಂತಿತ್ತು. ಡ್ರೈವರು ಸೀಟಿನಲ್ಲಿ ಒರಗಿ ಪೇಪರು ಓದುತ್ತಿದ್ದ. ಹೆಂಡತಿ ಕಿಟಕಿಯ ಕೆಳಗೆ ನಿಂತು, ನನಗೆ ಹತ್ತಿ ಇಳಿದು ರೂಢಿ ಮಾಡಿಕೊಳ್ಳಬೇಕಾಗಿದೆ, ನಡೆಯುತ್ತದೆಯೇ ಎಂದು ಕೇಳಿದಳು. ಅವನು ಪೇಪರು ಮಡಚಿ ಕೆಳಗೆ ನೋಡಿದ. ಕೋಲು, ಬೂಟು, ಸೀರೆ ಎಲ್ಲ ನೋಡಿದ.

“ಹೊರಡಾಕ ಇನ್ನೂ ಹೊತ್ತೈತಿ. ಹತ್ರಿ, ಇಳೀರಿ. ನಾನೇನೂ ಅನ್ನಂಗಿಲ್ಲ.”

ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಹಾಗೆಂದು ಮೇಡಂ ಕಲಿಸಿದ್ದನ್ನು ಅವಳು ಪಾಠ ಒಪ್ಪಿಸುವಂತೆ ಬಾಯಲ್ಲೇ ಹೇಳಿಕೊಂಡಳು. ಬಲಗೈಯಿಂದ ಬಾಗಿಲ ಕಂಬಿ ಹಿಡಿದು ಬಲಗಾಲು ಮೇಲಿಟ್ಟಳು. ಎಡಗಾಲು ನೆಲ ಬಿಡಲಿಲ್ಲ. ನಾನು ಹಿಂದೆ ಎರಡೂ ಕೈ ಚಾಚಿ ನಿಂತಿದ್ದೆ. ಮುಟ್ಟಬ್ಯಾಡ್ರಿ ಅಂದಳು. ಮೈ ಮುಂದೆ ಬಾಗಿಸಿ ಎಳೆದಳು. ಬೂಟಿನ ತುದಿ ಮೆಟ್ಟಿಲ ಅಂಚಿಗೆ ತಾಗಿ, ಉಜ್ಜಿ, ಮೇಲೆ ಬಂತು. ಇಳಿಯುವುದು ಅದಕ್ಕಿಂತ ಕಷ್ಟವಾಯಿತು. ಬ್ರೇಸಿನಲ್ಲಿ ಕಣಕಾಲು ಮಡಚುವುದಿಲ್ಲ, ಪಾದ ಹಲಗೆಯ ಹಾಗೆ ದಬ್ಬನೆ ನೆಲಕ್ಕೆ ಬಡಿಯುತ್ತದೆ. ಬಸ್ಸಿಗೆ ಕಾಯುತ್ತಿದ್ದ ಜನ ಬಂದು ಸುತ್ತ ನಿಂತರು. ಒಬ್ಬ ಮುದುಕಿ ಏನಾತವ್ವ ಎಂದು ಕೇಳಿದಳು. ಹೆಂಡತಿ ಹತ್ತುತ್ತಲೇ ಉತ್ತರ ಕೊಟ್ಟಳು. ಕುಪ್ಪಸದ ಬೆನ್ನು ಬೆವರಿಗೆ ತೋಯ್ದುಹೋಯಿತು. ಸಾಕು ಎಂದು ನಾನೇ ಹೇಳಿದೆ. ನಾವು ಆಮೇಲೂ ಹಲವು ಸಲ ಹೋದೆವು. ಆ ಡ್ರೈವರು ನಮ್ಮನ್ನು ಕಂಡರೆ, ಮೆಟ್ಟಿಲು ತಗ್ಗಾಗಲೆಂದು ಬಸ್ಸನ್ನು ಕಟ್ಟೆಯ ಹತ್ತಿರಕ್ಕೆ ಒಯ್ದು ನಿಲ್ಲಿಸುತ್ತಿದ್ದ.

ಶಾಲೆ ಶುರುವಾದ ದಿನ ನಾನೂ ಜೊತೆಗೆ ಹೋದೆ. ತರಗತಿಯ ಬಾಗಿಲಲ್ಲಿ ಮಕ್ಕಳ ಚಪ್ಪಲಿಗಳು ಸಾಲಾಗಿ ಬಿದ್ದಿದ್ದವು. ಒಳಗೆ ಯಾರೂ ಚಪ್ಪಲಿ ಹಾಕುವಂತಿಲ್ಲ, ಆ ರೂಢಿ ಮಾಡಿದವಳೇ ಅವಳು. ಅಲ್ಲಿಯೇ ನಿಂತುಬಿಟ್ಟಳು. ಹೆಡ್‌ಮೇಡಂ ಬಂದು, ಒಳಗೆ ಬರ್ರಿ, ನಿಮಗ ಕುರ್ಚಿ ಹಾಕಿಸೀನಿ ಅಂದರು. ನಾನು ಅಲ್ಲಿಂದ ಹೊರಟು ಬಂದೆ. ಸಂಜೆ ಅವಳೇ ಹೇಳಿದಳು: ಮೊದಲು ಕುರ್ಚಿಯಲ್ಲಿ ಕೂತು, ನೆರಿಗೆ ಸ್ವಲ್ಪ ಎತ್ತಿ, ಮಕ್ಕಳಿಗೆ ಬ್ರೇಸ್ ತೋರಿಸಿದಳಂತೆ. ನನ್ನ ಪಾದ ಮಲಗೇ ಇರುತ್ತದೆ, ಇದು ಎತ್ತಿ ಹಿಡಿಯುತ್ತದೆ ಎಂದಳಂತೆ. ಮುಟ್ಟಿ ನೋಡಿದರಂತೆ. ನೋವಾಗುತ್ತದೆಯೇ ಎಂದು ಕೇಳಿದರಂತೆ. ಆಮೇಲೆ ಮರೆತು ತಮ್ಮ ಆಟಕ್ಕೆ ಹೋದರಂತೆ. ಇಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ನಿದ್ದೆಗೆ ಎಳೆಯತೊಡಗಿದ್ದವು. ಅಂದಿನಿಂದ ಸಂಜೆ ಮನೆಗೆ ಬಂದರೆ ಕುರ್ಚಿಯಲ್ಲೇ ನಿದ್ದೆ. ಕಾಲು ಬಾತಿರುತ್ತದೆ. ಭಾನುವಾರ ಇಡೀ ದಿನ ಮಲಗಿರುತ್ತಾಳೆ. ಬಿಟ್ಟುಬಿಡು, ಪಿಂಚಣಿ ಬರುತ್ತದೆ ಎಂದು ನಾನೂ ಮಗಳೂ ಹೇಳಿ ಸಾಕಾಗಿದ್ದೇವೆ.

ಈಚೆಗೆ ಬ್ರೇಸ್ ಕಣಕಾಲಿನ ಹತ್ತಿರ ಬೆಳ್ಳಗಾಗಿ ಸೀಳು ಬಿಟ್ಟಿತು. ರಿಪೇರಿಯವನಲ್ಲವೇ ನಾನು, ಅಂಗಡಿಗೆ ಒಯ್ದು ಒಳ್ಳೆಯ ಅಂಟು ಹಚ್ಚಿ, ಪಟ್ಟಿ ಕೂಡಿಸಿ ತಂದೆ. ಅದು ಬಸ್‌ಸ್ಟ್ಯಾಂಡಿನ ತನಕ ಬಾಳಿಕೆ ಬಂತು. ಮತ್ತೆ ದಾವಣಗೆರೆಗೆ ಹೋದೆವು. ಅಚ್ಚು ತೆಗೆಯುವವರು ನನ್ನ ಅಂಟನ್ನು ಉಗುರಿನಿಂದ ಕೆರೆದು ನೋಡಿ ನಕ್ಕರು. ಹೊಸದು ಬರುವ ತನಕವೆಂದು ಹಳೆಯದಕ್ಕೇ ತಗಡು ಬಿಗಿದು, ಅಚ್ಚಿಗೆ ಹೊಸದಾಗಿ ಪ್ಲಾಸ್ಟರು ಸುತ್ತಿದರು. ಅದು ಗಟ್ಟಿಯಾಗಲೆಂದು ಕಾಯುತ್ತಿದ್ದಾಗ ಮೇಡಂ ಬಂದರು. ಇಷ್ಟು ದಿನ ಅವಳು ಕೇಳದಿದ್ದದ್ದನ್ನು ಆಗ ಕೇಳಿದಳು.

“ಇದನ್ನ ಇನ್ನಾ ಎಲ್ಲಿತನಕ ಹಾಕ್ಕೋಬೇಕ್ರಿ, ಮೇಡಂ?”

ಮೇಡಂ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತರು. ಪಾದ ತಾನಾಗಿ ಏಳುವ ಸೂಚನೆ ಕಾಣಿಸುತ್ತಿಲ್ಲ, ಸುಳ್ಳು ಹೇಳಲು ಇಷ್ಟವಿಲ್ಲ ಎಂದರು.

“ನಡೆಯೋಷ್ಟು ದಿನಾನೂ ಹಾಕ್ಕೋಬೇಕಮ್ಮ.”

ಹೆಂಡತಿ ತಲೆಯಾಡಿಸಿದಳು. ನನಗೂ ಅದು ಒಳಗೆ ಗೊತ್ತಿದ್ದ ಮಾತೇ. ಆದರೂ ಹೊರಗೆ ಬಂದ ಮೇಲೆ ಇಬ್ಬರಿಗೂ ಊಟ ಸೇರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಅವಳು ಕೂತಳು. ತೆಲಿಗಿ ದಾಟಿತು, ಹರಪನಹಳ್ಳಿ ಬಂತು. ಅಲ್ಲಿ ಬಸ್ಸು ನಿಂತಾಗ ಅವಳು, ಎರಡನೇ ಕ್ಲಾಸಿನ ಮಕ್ಕಳಿಗೆ ಒತ್ತಕ್ಷರ ಇನ್ನೂ ಬಂದಿಲ್ಲ, ಪರೀಕ್ಷೆಯೊಳಗೆ ಮುಗಿಸಬೇಕು ಎಂದಳು. ನಾನು ಹೂಂ ಅಂದೆ. ಅವಳು ಇನ್ನೂ ಏನೇನೋ ಹೇಳುತ್ತಿದ್ದಳು, ಮಕ್ಕಳ ಹೆಸರು, ಯಾರದೋ ಕೈಬರಹ. ಕೇಳುತ್ತ ಕೇಳುತ್ತ ನನಗೆ ಎಲ್ಲಿ ನಿದ್ದೆ ಹತ್ತಿತೋ ತಿಳಿಯಲಿಲ್ಲ.

ಭುಜ ಅಲುಗಾಡಿಸಿದಾಗಲೇ ಎಚ್ಚರವಾದದ್ದು. ಬಸ್ಸು ನಿಂತಿತ್ತು. ಅವಳು ಆಗಲೇ ಕಂಬಿ ಹಿಡಿದು ಎದ್ದು ನಿಂತಿದ್ದಳು, ಕೋಲನ್ನು ಕಂಕುಳಲ್ಲಿ ಇರುಕಿಕೊಂಡಿದ್ದಳು.

“ಏಳ್ರಿ, ಊರು ಬಂತು” ಅಂದಳು.